ಶೇಂಗಾ ಸುಲಿಯುತ್ತ ಬಿದ್ದುಹೋದ ವಾಕ್ಯ

ಎಂ.ಎ. ಓದುವಾಗ ನಾನು ಬರೆದ ಮೊದಲ ಪ್ರಬಂಧ ಹೀಗೆ ಶುರುವಾಗಿತ್ತು: ‘ಅಕ್ಕಲಕೋಟೆ ತಾಲೂಕಿನ ಎಲ್ಲ ಜನರೂ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುತ್ತಾರೆ.’ ಪಕ್ಕದ ಸೊಲ್ಲಾಪುರದ ಬಟ್ಟೆ ವ್ಯಾಪಾರಿಯ ಮಗಳು ನಾನು. ಅಂಗಡಿಯ ಗಾದಿಯ ಮೇಲೆ ಕೂತಾಗ ಅಪ್ಪನದು ಮರಾಠಿ, ಒಳಗೆ ಊಟಕ್ಕೆ ಬಂದರೆ ಕನ್ನಡ. ಅದರಲ್ಲಿ ಅನುಮಾನಪಡುವುದಕ್ಕೆ ಏನಿತ್ತು?

ನಮಗೆ ಸಮಾಜಶಾಸ್ತ್ರ ಕಲಿಸುತ್ತಿದ್ದ ಮ್ಯಾಡಮ್ ಪುಣೆಯ ಕಡೆಯವರು. ಪ್ರಬಂಧ ವಾಪಸ್ಸು ಬಂದಾಗ ಆ ವಾಕ್ಯದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಮರಾಠಿಯ ಒಂದೇ ಒಂದು ಪದ: ‘ಕಶಾವರೂನ?’ ಯಾವ ಆಧಾರದ ಮೇಲೆ? ಮುಂದಿನ ಪುಟಗಳಲ್ಲಿ ಒಂದು ಗೆರೆಯೂ ಇರಲಿಲ್ಲ.

‘ಉಳಿದದ್ದು ಓದಲಿಲ್ಲವೇ ಮ್ಯಾಡಮ್?’ ಎಂದು ಕೇಳಿದೆ.

‘ಮೊದಲನೆಯದೇ ನಿಲ್ಲುತ್ತಿಲ್ಲ, ಮುಂದೆ ಏನು ಓದಲಿ?’ ಎಂದರು ಮರಾಠಿಯಲ್ಲಿ.

‘ಇದು ಎಲ್ಲರಿಗೂ ಗೊತ್ತಿರುವುದೇ.’

‘ಯಾರಾದರೂ ಹೋಗಿ ನೋಡಿದ್ದಾರಾ?’

ಮೆಟ್ಟಿಲಿಳಿಯುತ್ತ ಆ ಕೆಂಪು ಪದವನ್ನೇ ಮತ್ತೆ ಮತ್ತೆ ಓದಿಕೊಂಡೆ. ಅಲ್ಲಿಯವರೆಗೆ ಓದುವುದೆಂದರೆ ಪುಸ್ತಕದಲ್ಲಿದ್ದದ್ದನ್ನು ಚೆಂದದ ಅಕ್ಷರದಲ್ಲಿ ತಿರುಗಿ ಬರೆಯುವುದು ಎಂದುಕೊಂಡಿದ್ದೆ. ಯಾರೂ ನೋಡದೇ ಇದ್ದದ್ದನ್ನು ನಾನೇ ಹೋಗಿ ನೋಡಬಹುದು ಎಂದು ಯಾರೂ ಹೇಳಿರಲಿಲ್ಲ.

‘ಹಳ್ಳಿಗಿ ಹೋಗಿ ಏನ ಕೇಳ್ತಿ?’ ಎಂದರು ಅಪ್ಪ.

‘ಮಂದಿ ಯಾವ ಭಾಷಾ ಆಡ್ತಾರ ಅಂತ.’

‘ಅದಕ್ಕ ಬಸ್ ಹತ್ತಬೇಕೇನ? ನಾನ ಹೇಳ್ತೀನಿ, ಬರಕೋ!’

ನಕ್ಕರೂ ಬೇಡ ಅನ್ನಲಿಲ್ಲ. ದೀಪಾವಳಿ ರಜೆಗೆ ಅದೇ ತಾಲೂಕಿನ ವಾಗದರಿಯ ಸೋದರತ್ತೆಯ ಮನೆಗೆ ಕಳಿಸಿದರು. ಅತ್ತೆಯದು ಹೊಲಮನೆಯ ದೊಡ್ಡ ಸಂಸಾರ.

ಮೊದಲ ದಿನ ಪೆನ್ನು, ಕಾಗದ ಹಿಡಿದು ಓಣಿಯ ಮನೆಮನೆಗೂ ಹೋದೆ. ‘ಮನ್ಯಾಗ ಯಾವ ಭಾಷಾ ಆಡ್ತೀರಿ?’ ಎಂದು ಕೇಳಿದರೆ ಸಾಕು, ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಂಡು, ನೆಟ್ಟಗೆ ನಿಂತು, ‘ಮರಾಠಿ’ ಎಂದುಬಿಡುತ್ತಿದ್ದರು. ಒಬ್ಬ ಹಿರಿಯರು ಹಾಗೆ ಹೇಳಿದ ಬೆನ್ನಿಗೇ ಒಳಗೆ ತಿರುಗಿ, ‘ಏ ಕೇಳಿದೇನ, ಸರಕಾರದಾಕಿ ಬಂದಾಳ, ಚಹಾ ಇಡು!’ ಎಂದು ಕನ್ನಡದಲ್ಲಿ ಕೂಗಿದರು. ಸಂಜೆಯ ಹೊತ್ತಿಗೆ ನನ್ನ ಕಾಗದದ ಪ್ರಕಾರ ಇಡೀ ಓಣಿಯೇ ಮರಾಠಿ. ಕಿವಿಗೆ ಬೀಳುತ್ತಿದ್ದದ್ದೆಲ್ಲ ಕನ್ನಡ! ಕೇಳುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ ಎಂದು ನನಗೆ ಆಗ ಹೊಳೆಯಿತು.

ಮರುದಿನ ಅತ್ತೆ, ‘ಆ ಪೆನ್ನ ಇಡು ಒಂದ ಕಡೆ. ಶೇಂಗಾ ಸುಲಿ ಬಾ, ಕೈ ಕಡಿಮಿ ಬಿದ್ದಾವು’ ಎಂದು ಪಡಸಾಲೆಯಲ್ಲಿ ಕೂರಿಸಿಕೊಂಡಳು. ಪಕ್ಕದ ಮನೆಯ ಅತ್ತೆ–ಸೊಸೆಯರೂ ಸುಲಿಯಲು ಬಂದಿದ್ದರು. ಸೊಸೆ ಮರವಡೆ ಎಂಬ ಊರಿನವಳು, ತವರಿನಲ್ಲಿ ಮರಾಠಿಯೇ. ಇಲ್ಲಿಗೆ ಬಂದ ಮೇಲೆ ಕನ್ನಡ ಕಲಿತಿದ್ದಳು.

‘ಎಷ್ಟ ಸಲ ಹೇಳಬೇಕ ನಿನಗ, ಸಿಪ್ಪಿ ಬ್ಯಾರೆ ಹಾಕು ಅಂತ!’ ಎಂದು ಅವಳತ್ತೆ ಗದರಿದಳು. ಸೊಸೆಯ ಮುಖ ಊದಿಕೊಂಡಿತು. ಸ್ವಲ್ಪ ಹೊತ್ತಿನ ಮೇಲೆ ಆ ಅತ್ತೆ ದನಿ ತಗ್ಗಿಸಿ, ತಡವರಿಸುವ ಮರಾಠಿಯಲ್ಲಿ, ‘ಚಹಾ ಘೇತೇಸ ಕಾ ಗ?’ ಎಂದಳು. ಚಹಾ ಕುಡಿತೀಯೇನೇ? ಸೊಸೆ ಪಕ್ಕನೆ ನಕ್ಕು, ‘ನೀವೂ ತಗೋರಿ ಅತ್ತಿ’ ಎಂದು ಕನ್ನಡದಲ್ಲಿ ಉತ್ತರ ಕೊಟ್ಟಳು.

ಮನೆಯೊಳಗೆ, ಪಡಸಾಲೆಯಲ್ಲೇ ಮರಾಠಿ! ಅದೂ ವ್ಯಾಪಾರಕ್ಕಲ್ಲ, ಒಬ್ಬರನ್ನೊಬ್ಬರು ಸಮಾಧಾನ ಮಾಡುವುದಕ್ಕೆ. ಸುಲಿದ ಕಾಳು ಮಡಿಲಿನಿಂದ ಚೆಲ್ಲಿದ್ದೂ ಗೊತ್ತಾಗದೆ ಒಳಗೆ ಓಡಿ ಬರೆದುಕೊಂಡೆ. ‘ಈಕೀಗಿ ಏನಾತವ್ವಾ?’ ಎಂದು ನಮ್ಮತ್ತೆ ಹಿಂದಿನಿಂದ ಕೂಗುತ್ತಿದ್ದಳು.

ಆ ವಾರ ಅವಳ ಜೊತೆ ಅಕ್ಕಲಕೋಟೆ ಸಂತೆಗೆ ಹೋದೆ. ಬದನೆಕಾಯಿ ಮಾರುವವಳು ಮರಾಠಿಯಲ್ಲಿ ಬೆಲೆ ಹೇಳಿದಳು. ಕೊಳ್ಳಲು ಬಂದ ಹೆಂಗಸು ತಟ್ಟನೆ ಕನ್ನಡಕ್ಕೆ ಹೊರಳಿ, ‘ಯವ್ವಾ, ನಾವು ಕರಜಗಿಯವ್ರು. ನಮ್ಮ ಮಂದಿಗೂ ಹಿಂಗ ಹೇಳ್ತಿಯೇನ?’ ಎಂದಳು. ಬೆಲೆ ಇಳಿಯಿತು. ನನ್ನ ವಾಕ್ಯದ ಉಳಿದರ್ಧವೂ ಅಲ್ಲಿಗೆ ಬಿತ್ತು.

ರಜೆ ಮುಗಿದ ಕೂಡಲೇ ಮ್ಯಾಡಮ್ ಹತ್ತಿರ ಹೋಗಿ, ‘ನಾನು ಬರೆದದ್ದು ತಪ್ಪು’ ಎಂದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಮದುವೆ ಗೊತ್ತಾದ ಸುದ್ದಿ ಹೇಳುವವರ ಹಾಗೆ ಪಕ್ಕದ ಕೋಣೆಯ ಅಧ್ಯಾಪಕರನ್ನು ಕರೆದು, ‘ಬನ್ನಿ, ಬನ್ನಿ, ಈ ಹುಡುಗಿಯ ಊಹೆ ಬಿತ್ತಂತೆ, ಹೇಗೆ ಬಿತ್ತು ಕೇಳಿ!’ ಎಂದರು.

ಆಮೇಲೆ ನಿಜವಾದ ಬರವಣಿಗೆ ಶುರುವಾಯಿತು. ಸೀರೆ ಡಬ್ಬಿಗಳ ರಟ್ಟು ಕತ್ತರಿಸಿ ಚೀಟಿ ಮಾಡಿಕೊಂಡೆ. ಯಾರು ಯಾರಿಗೆ ಏನು ಹೇಳಿದರು ಎಂಬುದು ನೀಲಿ ಶಾಯಿಯಲ್ಲಿ, ಅದರ ಬಗ್ಗೆ ನಾನು ಅಂದುಕೊಂಡದ್ದು ಹಸಿರಿನಲ್ಲಿ. ಎರಡನ್ನೂ ಕಲಸಬಾರದು ಎಂದು ಮ್ಯಾಡಮ್ ತಾಕೀತು ಮಾಡಿದ್ದರು. ‘ಎಲ್ಲರೂ’ ಎಂದು ಬರೆದಲ್ಲೆಲ್ಲ ಹೊಡೆದುಹಾಕಿ ‘ನಾನು ನೋಡಿದ ಮನೆಗಳಲ್ಲಿ’ ಎಂದು ತಿದ್ದಿದೆ. ಆ ಹುಚ್ಚು ಎಷ್ಟು ಹತ್ತಿತೆಂದರೆ, ಒಮ್ಮೆ ಊಟಕ್ಕೆ ಕೂತಾಗ ಅಪ್ಪ ಯಾವುದೋ ಮಾತಿಗೆ ‘ಎಲ್ಲಾರೂ ಹಂಗ ಅಂತಾರ’ ಎಂದರೆ, ‘ಯಾರ್ಯಾರು ಅಂತಾರ ಅಪ್ಪಾ?’ ಎಂದುಬಿಟ್ಟೆ. ಅವ್ವ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು.

ಹೇಳಿದವರ ಹೆಸರನ್ನು ಪುಟದ ಕೆಳಗೆ ಅಡಿಟಿಪ್ಪಣಿಯಲ್ಲಿ ಕೊಡಬೇಕಿತ್ತು. ಒಪ್ಪಿಗೆ ಕೇಳಲು ವಾಗದರಿಗೆ ಹೋಗಿ ಅತ್ತೆಗೆ ಪುಟ ತೋರಿಸಿದೆ.

‘ನನ್ನ ಹೆಸರ ತಳದಾಗ ಯಾಕ ಇಟ್ಟಿ? ಅದೂ ಇಷ್ಟ ಸಣ್ಣ ಅಕ್ಷರದಾಗ?’

‘ದೊಡ್ಡ ದೊಡ್ಡ ಪಂಡಿತರ ಹೆಸರೂ ಅಲ್ಲೇ ಇರ್ತಾವ ಅತ್ತಿ.’

ಅವಳು ಸ್ವಲ್ಪ ಯೋಚಿಸಿ, ‘ಹಂಗಾರ ಅಡ್ಡಹೆಸರೂ ಹಾಕಿ ಪೂರ್ತಿ ಬರಿ’ ಎಂದಳು.

ವಿಭಾಗದಲ್ಲಿ ಪ್ರಬಂಧ ಓದುವ ದಿನ ಮೊದಲ ಪುಟವನ್ನು ತಲೆ ಎತ್ತದೆ ಓದಿದೆ. ಚಹಾದ ಪ್ರಸಂಗ ಬರುವ ಹೊತ್ತಿಗೆ ಸಭೆ ನಗುತ್ತಿತ್ತು, ನಾನೂ ನಗುತ್ತಿದ್ದೆ. ಕೊನೆಗೆ ಹಿರಿಯ ಅಧ್ಯಾಪಕರೊಬ್ಬರು, ‘ಗಂಡಸರು ತಮ್ಮತಮ್ಮಲ್ಲಿ ಮಾತಾಡುವಾಗಲೂ ಹೀಗೆಯೇ?’ ಎಂದು ಕೇಳಿದರು.

ನಾನು ಕೂತದ್ದೆಲ್ಲ ಹೆಂಗಸರ ನಡುವೆಯೇ. ‘ಗೊತ್ತಿಲ್ಲ ಸರ್, ನೋಡಿಲ್ಲ’ ಎಂದೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಸಂತೆಯ ಆ ಹೆಂಗಸಿನ ಊರು ಕರಜಗಿಯಲ್ಲಿ ಕುರಿ ಕಾಯುವ ಗಂಡಸರು ಏನಾಡುತ್ತಾರೆ, ಕುರಿಗಳನ್ನು ಯಾವ ಮಾತಿನಲ್ಲಿ ಬೈಯುತ್ತಾರೆ ಎಂದು ತಲೆ ಆಗಲೇ ಓಡತೊಡಗಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಮ್ಯಾಡಮ್ ಮೇಜು ತಟ್ಟಿ, ‘ಹೋಗಿ ನೋಡಿ ಬಾ ಮತ್ತೆ!’ ಎಂದರು.

ಅವತ್ತು ಮನೆಗೆ ನೇರ ಹೋಗಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿ, ಕರಜಗಿಗೆ ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿಕೊಂಡು ಬಂದೆ.