ಮರಳಿನಲ್ಲಿ ಬಸಳೆ

ಮೊನ್ನೆ ಕೊಪ್ಪದ ನಮ್ಮ ಹಿತ್ತಲಿನಲ್ಲಿ ಬಸಳೆ ದಂಟು ಕತ್ತರಿಸುತ್ತಿದ್ದೆ. ಕತ್ತಿ ತಾಗಿದ ಕಡೆ ಲೋಳೆ ಒಸರಿ, ಆ ಹಸಿ ಮಣ್ಣಿನಂಥ ವಾಸನೆ ಮೂಗಿಗೆ ಬಂತು. ಬೇರೆಯವರಿಗೆ ಅದರಿಂದ ಹುಳಿಯ ನೆನಪಾಗಬಹುದು. ನನಗೆ ನೆನಪಾಗುವುದು ಬಿಕಾನೇರಿನ ಸುಡುವ ಮರಳು, ಅಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದ ಪಕ್ಕದ ಮನೆಯ ಅಕ್ಕ...

ನನ್ನ ಯಜಮಾನರೂ ಅವಳ ಯಜಮಾನರೂ ಸೈನ್ಯದಲ್ಲಿದ್ದರು. ಮದುವೆಯಾದ ಹೊಸದರಲ್ಲಿ ಆ ಕ್ವಾರ್ಟರ್ಸಿಗೆ ಹೋದ ನನಗೆ ಹಿಂದಿ ಕೇಳಿ ಕೇಳಿ ಸಾಕಾಗಿತ್ತು. ಒಂದು ದಿನ ಗೋಡೆಯಾಚೆಯಿಂದ "ಹಾಳಾದ್ ಗಾಳಿ, ಕಣ್ಣಿಗೆಲ್ಲ ಮಣ್ಣು!" ಎಂಬ ಬೈಗುಳ ಕೇಳಿಸಿತು. ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದೆ. ನಮ್ಮ ಕೊಪ್ಪದ ಕಡೆಯ ಬಸರೀಕಟ್ಟೆಯವಳು, ನನಗಿಂತ ಹಿರಿಯಳು. ಅಂದಿನಿಂದಲೇ ಅಕ್ಕನಾದಳು.

ತಾಯಿಯ ವರ್ಷಾಂತಿಕಕ್ಕೆ ಊರಿಗೆ ಹೋದವಳು ಬರುವಾಗ ಒಂದು ಬಸಳೆ ದಂಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ರೈಲಿನುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ತಂದಿದ್ದಳು. ತಾಯಿ ಬೆಳೆಸಿದ್ದ ಚಪ್ಪರದ್ದು. ಅವಳ ತಮ್ಮ ಹೊಸ ಮನೆ ಕಟ್ಟಿಸಲು ಹಿತ್ತಲನ್ನೆಲ್ಲ ಅಗೆಸಿದ್ದನಂತೆ. ಅಗೆದ ಮಣ್ಣಿನಲ್ಲಿ ಇವಳಿಗೆ ಸಿಕ್ಕಿದ್ದು ಅದೊಂದೇ. "ಅಮ್ಮನ ಕೈಯಿಂದ ಅಂತ ಉಳಿದದ್ದು ಇಷ್ಟೇ ಕಣೆ," ಎಂದಳು. ಏನೇ ಆದರೂ ಅದು ಬದುಕಬೇಕಿತ್ತು.

ಅದನ್ನು ನೆಟ್ಟ ಚಂದ ನೋಡಬೇಕಿತ್ತು! ಮಳೆನೀರು ನಿಂತರೆ ಬುಡ ಕೊಳೆಯುತ್ತದೆಂದು ಎತ್ತರಕ್ಕೆ ಮಡಿ ಏರಿಸಿ ಸುತ್ತ ಕಾಲುವೆ ತೆಗೆಯುವುದು ನಮ್ಮ ಕಡೆಯವರ ಕೈಗೆ ಅಂಟಿದ ಚಾಳಿ. ಅಪರೂಪಕ್ಕೆ ನಾಲ್ಕು ಹನಿ ಬೀಳುವ ಆ ಊರಿನಲ್ಲೂ ಅಕ್ಕ ಹಾಗೇ ಮಾಡಿದಳು. ನಾನೋ, ಭಾರಿ ತಿಳಿದವಳಂತೆ, ಕಾಲುವೆಗೆ ಇನ್ನೂ ಸ್ವಲ್ಪ ಇಳಿಜಾರು ಬೇಕು ಎಂದೆ. ಹೊಯ್ದ ನೀರು ಅರೆಗಳಿಗೆ ನಿಲ್ಲದೆ ಜಾರಿ ಹೋಗುತ್ತಿತ್ತು. ಎಲೆಗಳು ಒಂದೊಂದಾಗಿ ಉದುರಿದವು. ಅಕ್ಕನಿಗೆ ಊಟ ಸೇರದಾಯಿತು.

ಒಂದು ಬೆಳಿಗ್ಗೆ, ಪಾತ್ರೆ ತೊಳೆದ ನೀರು ಹೋಗಿ ಸೇರುವ ತಗ್ಗಿನಲ್ಲಿ ಕಳೆ ಹುಲುಸಾಗಿ ಎದ್ದಿರುವುದು ಅವಳ ಕಣ್ಣಿಗೆ ಬಿತ್ತು. ಅದನ್ನೇ ನೋಡುತ್ತ ನಿಂತಳು. ಆಮೇಲೆ ಹಣೆ ಚಚ್ಚಿಕೊಂಡು ನಗಲು ಶುರುಮಾಡಿದಳು.

"ಎಂತ ಮಾಡ್ದೆ ಮಾರಾಯ್ತಿ ನಾನು! ಇಲ್ಲಿ ಸಿಗೋದೇ ಒಂದು ಚೊಂಬು ನೀರು. ಅದಕ್ಕೂ ಓಡಿಹೋಗೋಕೆ ದಾರಿ ಮಾಡಿಕೊಟ್ನಲ್ಲ!"

ಅಂದೇ ಮಡಿ ಕೆಡವಿ ಮೊಣಕಾಲುದ್ದದ ಗುಂಡಿ ತೋಡಿದಳು. ತಳಕ್ಕೆ ಗೊಬ್ಬರ, ಬುಡಕ್ಕೆ ಬೇವಿನ ಒಣ ಎಲೆಯ ಹೊದಿಕೆ, ಮೇಲೆ ಹಳೇ ಸೀರೆ ಕಟ್ಟಿ ನೆರಳು. ಅಕ್ಕಿ ತೊಳೆದ ನೀರು ಸಂಜೆಗೆ ಮಾತ್ರ. ಸ್ವಲ್ಪ ದಿನಕ್ಕೆ ಬಸಳೆ ಗುಂಡಿಯೊಳಗಿಂದ ಇಣುಕಿತು. ಚಿಕ್ಕಂದಿನಿಂದ ಕಲಿತದ್ದನ್ನು ನಗುನಗುತ್ತ ತಲೆಕೆಳಗು ಮಾಡಿಕೊಳ್ಳುವ ಧೈರ್ಯ ಎಷ್ಟು ಜನಕ್ಕಿರುತ್ತದೆ? ನಾನಾಗಿದ್ದರೆ ಆ ಊರಿನ ಮಣ್ಣೇ ಸರಿಯಿಲ್ಲ ಎಂದು ಕೈತೊಳೆದುಕೊಳ್ಳುತ್ತಿದ್ದೆ.

ಒಂದು ಕ್ರಮವನ್ನು ಮಾತ್ರ ಅವಳು ಬಿಡಲಿಲ್ಲ. ಬಳ್ಳಿ ಮೊಳದುದ್ದ ಆದದ್ದೇ ತಡ, ಅರ್ಧ ಕತ್ತರಿಸಿ ನನ್ನ ಕೈಗಿಟ್ಟಳು.

"ಹುಚ್ಚಾ ಅಕ್ಕ ನಿಂಗೆ? ಇರೋದೇ ಇಷ್ಟು!"

"ಒಂದೇ ಮನೇಲಿದ್ರೆ ಅಲ್ಲೇ ಹೋಗಿಬಿಡ್ತದೆ. ನಿನ್ನ ಹತ್ರಾನೂ ಇರ್ಲಿ. ನಂದು ಸತ್ರೆ ಕೇಳೋಕೆ ಬತ್ತೆ."

ನಮ್ಮ ಕಡೆ ಹೆಂಗಸರು ಹೂವಿನ ಗೆಲ್ಲು, ಬಳ್ಳಿಯ ದಂಟು ಹಂಚುವುದು ಹಾಗೆಯೇ. ಕೊಟ್ಟವಳು ಮುಂದೊಂದು ದಿನ ಅದೇ ಬಾಗಿಲಿಗೆ ಬೇಡಲು ಬರುತ್ತಾಳೆ, ಯಾರಿಗೂ ಅದರಲ್ಲಿ ಸಂಕೋಚವಿಲ್ಲ.

ಮರಳುಗಾಡೆಂದರೆ ಬರೀ ಸೆಕೆ ಎಂದುಕೊಂಡಿದ್ದೆವು. ಚಳಿಗಾಲ ಬಂತು ನೋಡಿ... ಒಂದು ಬೆಳಿಗ್ಗೆ ಮಂಜು ಹೆಪ್ಪುಗಟ್ಟಿ, ಅಕ್ಕನ ಬಳ್ಳಿ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಮಲಗಿತ್ತು. ಬುಡವೂ ಉಳಿಯಲಿಲ್ಲ. ನನ್ನದು ಎಣ್ಣೆ ಡಬ್ಬಿಯಲ್ಲಿ, ಅಡುಗೆಮನೆಯ ಕಿಟಕಿಯಲ್ಲಿ ಬೆಚ್ಚಗಿತ್ತು. ಹೊರಗೆ ಹೋಗಿ ನೀರು ಹಾಕುವ ಸೋಮಾರಿತನಕ್ಕೆ ಒಳಗೇ ಇಟ್ಟುಕೊಂಡಿದ್ದೆ. ಅಕ್ಕ ಕತ್ತಿ ಹಿಡಿದು ಬಾಗಿಲಲ್ಲಿ ನಿಂತಳು. "ಕೇಳೋಕೆ ಬಂದೆ," ಎಂದಳು. ಆಮೇಲೆ ಇಬ್ಬರೂ ಅತ್ತೆವು.

ಯಜಮಾನರ ನಿವೃತ್ತಿಯಾಗಿ ನಾವು ಕೊಪ್ಪಕ್ಕೆ ಬಂದೆವು. ಅಕ್ಕನ ಸಂಸಾರ ನರಸಿಂಹರಾಜಪುರಕ್ಕೆ ಬಂತು. ಇಬ್ಬರ ಜೊತೆಗೂ ಬಸಳೆ ಬಂತು. ಇಲ್ಲಿ ಮತ್ತೆ ಮಡಿ ಏರಿಸಿದೆವು, ಕಾಲುವೆ ತೆಗೆದೆವು. ಮಳೆಗೆ ಒಬ್ಬರದ್ದು ಕೊಳೆತರೆ ಇನ್ನೊಬ್ಬರ ಮನೆಗೆ ಬಸ್ಸು ಹತ್ತುವುದು, ಊಟ ಮಾಡಿ ಬರುವುದು ನಡೆದೇ ಇತ್ತು. ಹೋದ ವರ್ಷ ಅಕ್ಕ ತೀರಿಕೊಂಡಳು.

ಮೊನ್ನೆ ನಾನು ಕತ್ತರಿಸುತ್ತಿದ್ದ ದಂಟು ಅವಳ ಮಗಳಿಗೆ. ಮನೆಯಲ್ಲಿ ಯಾರೂ ಇಲ್ಲದೆ ಅಮ್ಮನ ಬಳ್ಳಿ ಒಣಗಿ ಹೋಯಿತೆಂದು ಹೇಳಿಕೊಂಡು ಬಂದಿದ್ದಳು. "ಸತ್ರೆ ಚಿಕ್ಕಮ್ಮನ ಹತ್ರ ಹೋಗಿ ಕೇಳು ಅಂದಿದ್ರು," ಎಂದಳು. ಅರ್ಧ ಬಳ್ಳಿಯನ್ನೇ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಟ್ಟೆ. ಅವಳ ಬಸ್ಸು ಹೊರಟ ಮೇಲೆ ಹಿತ್ತಲಿಗೆ ಬಂದು ಕೂತೆ. ಬಳ್ಳಿಯೇನೋ ಮತ್ತೆ ಚಿಗುರುತ್ತದೆ. ಕೇಳೋಕೆ ಬತ್ತೆ ಎಂದು ಹೇಳುವವಳು ಮಾತ್ರ ಇನ್ನು ಬರುವುದಿಲ್ಲ.