ತಲೆಗೆ ನೀರು ಬೀಳದ ಪಥ್ಯ

ಸೂಲಿಬೆಲೆಯ ಹಾಲಿನ ಡೈರಿಯಲ್ಲಿ ಅಪ್ಪಯ್ಯಣ್ಣ ಟೆಸ್ಟರ್ ಆಗಿದ್ದಷ್ಟು ಕಾಲ ನೀರು ಬೆರೆಸಿದ ಹಾಲು ಕ್ಯಾನು ಸೇರಿದ್ದಿಲ್ಲ. ಸ್ವಂತ ಷಡ್ಡಕನ ಹಾಲನ್ನೇ ಎಲ್ಲರೆದುರು ವಾಪಸ್ಸು ಕಳಿಸಿದ ಆಸಾಮಿ. ಆಮೇಲೆ ಷಡ್ಡಕ ಹಬ್ಬಕ್ಕೆ ಬರಲಿಲ್ಲ, ಇವನೂ ಕರೆಯಲಿಲ್ಲ. ಕಿಡ್ನಿ ಕೈಕೊಟ್ಟಾಗಲೂ ಆ ಗತ್ತು ಇಳಿಯಲಿಲ್ಲ. ವಾರಕ್ಕೆರಡು ಸಲ ಹೊಸಕೋಟೆಗೆ ಬಸ್ಸು ಹತ್ತಿ, ಡಯಾಲಿಸಿಸ್ ಮಾಡಿಸಿಕೊಂಡು, ಪಕ್ಕದ ಹಾಸಿಗೆಯ ಚಿಕ್ಕಬೀರಪ್ಪನ ಜೊತೆ ಹೊಟ್ಟೆ ತುಂಬ ಹರಟೆ ಹೊಡೆದು ಮನೆಗೆ ಬರುತ್ತಿದ್ದ.

ಕೊರೋನಾದ ಎರಡನೇ ಅಲೆಯಲ್ಲಿ ಇಬ್ಬರಿಗೂ ಒಟ್ಟಿಗೇ ಜ್ವರ ಬಂತು. ಅಪ್ಪಯ್ಯಣ್ಣ ಆಸ್ಪತ್ರೆಯಿಂದ ಎದ್ದು ಬಂದ. ಚಿಕ್ಕಬೀರಪ್ಪ ಬರಲಿಲ್ಲ. ಡಯಾಲಿಸಿಸ್‌ಗೆಂದು ಕೈಯಲ್ಲಿ ಮಾಡಿದ್ದ ರಕ್ತನಾಳದ ದಾರಿ ಆ ಜ್ವರದಲ್ಲಿ ಕಟ್ಟಿಹೋಗಿ, ಅಪ್ಪಯ್ಯಣ್ಣನ ಕುತ್ತಿಗೆಗೆ ಪೈಪು ಹಾಕಿದ್ದರು. ಅದಕ್ಕೆ ನೀರು ತಾಕಲೇಕೂಡದು ಎಂದು ಹೇಳಿ ಮನೆಗೆ ಕಳಿಸಿದರು.

ಎಡವಟ್ಟಾದದ್ದು ಇಲ್ಲೇ. ಜ್ವರ ಬಿಟ್ಟವರು ತಲೆಗೆ ನೀರು ಹಾಕಿಕೊಳ್ಳುವ ತನಕ ಪಥ್ಯ ಬಿಡುವಂತಿಲ್ಲ ಅನ್ನುವುದು ಹೆಂಡತಿ ಲಕ್ಷ್ಮೀದೇವಮ್ಮ ತವರಿನಿಂದ ತಂದ ಕಟ್ಟಳೆ. ಕುತ್ತಿಗೆಯಲ್ಲಿ ಪೈಪು ಇಟ್ಟುಕೊಂಡು ತಲೆಗೆ ನೀರು ಹಾಕುವುದು ಹೇಗೆ? ಹಾಗಾಗಿ ಪಥ್ಯ ಮುಗಿಯಲೇ ಇಲ್ಲ. ಬೆಳಿಗ್ಗೆ ರವೆ ಗಂಜಿ, ರಾತ್ರಿಗೂ ಅದೇ ಗಂಜಿ. ಮೊಟ್ಟೆ, ಕೋಳಿ, ಬೇಳೆ ಒಲೆಯ ಹತ್ತಿರ ಸುಳಿಯಲಿಲ್ಲ. ಆಷಾಢ ಕಳೆಯಿತು, ಶ್ರಾವಣವೂ ಕಳೆಯಿತು. ಗಂಡನ ಪ್ರಾಣ ಉಳಿಸಿಕೊಳ್ಳಲೆಂದೇ ಆಕೆ ಅವನನ್ನು ಉಪವಾಸ ಕೆಡವುತ್ತಿದ್ದಳು, ಪಾಪ.

ಅಪ್ಪಯ್ಯಣ್ಣನೂ ತುಟಿ ಬಿಚ್ಚಲಿಲ್ಲ. ಅರ್ಧ ಲೋಟ ಗಂಜಿ ಕುಡಿದು, ಪಥ್ಯ ಅಂದು, ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ಡೈರಿಯವರು ನೋಡಲು ಬಂದರೆ ನಿದ್ದೆ ಬಂದವನಂತೆ ಕಣ್ಣು ಮುಚ್ಚುತ್ತಿದ್ದ. ಕಾಯಿಲೆಯ ಸುಸ್ತು ಅಂತ ಎಲ್ಲರೂ ಅಂದುಕೊಂಡರು. ಆಸ್ಪತ್ರೆಯ ತೂಕದ ಯಂತ್ರವೂ ಮೊದಲಿನಷ್ಟೇ ತೋರಿಸುತ್ತಿದ್ದರಿಂದ ಅಲ್ಲಿ ಯಾರೂ ಕೆದಕಲಿಲ್ಲ.

ಹೊಸದಾಗಿ ಬಂದ ನರ್ಸ್ ಕೀರ್ತನ ಮಾತ್ರ ಒಂದು ದಿನ ಅವನ ತೋಳು ಹಿಡಿದು ನೋಡಿದಳು. ಕಣಕಾಲನ್ನು ಬೆರಳಿಂದ ಒತ್ತಿದಳು. ಒತ್ತಿದ ಗುಳಿ ಹಾಗೇ ಉಳಿಯಿತು. ಏನು ತಿನ್ನುತ್ತಾರೆ ಎಂದು ಕೇಳಿದಾಗ, ಜೊತೆಗೆ ಬಂದಿದ್ದ ಲಕ್ಷ್ಮೀದೇವಮ್ಮ ತನ್ನ ಪಥ್ಯದ ಕಥೆಯನ್ನು ಹೆಮ್ಮೆಯಿಂದಲೇ ಹೇಳಿದಳು.

"ತೂಕ ನಂಬ್ಕೋಬೇಡಿ ಅಮ್ಮ," ಅಂದಳು ಕೀರ್ತನ. "ಮಾಂಸ ಕರಗಿಹೋಗಿದೆ. ಆ ಜಾಗದಲ್ಲಿ ನೀರು ತುಂಬ್ಕೊಂಡಿದೆ."

ಡಯಾಲಿಸಿಸ್‌ನಲ್ಲಿ ಮೈಯ ಸತ್ವವೂ ಸೋರಿಹೋಗುತ್ತದೆ, ಜ್ವರದ ಮೇಲಂತೂ ಮೊಟ್ಟೆಯ ಬಿಳಿ, ಕೋಳಿ ಬೇಕೇ ಬೇಕು, ಎಷ್ಟು ಅನ್ನುವುದನ್ನು ಡಾಕ್ಟರು ಹೇಳುತ್ತಾರೆ ಎಂದು ವಿವರಿಸಿದಳು. ಅಪ್ಪಯ್ಯಣ್ಣನಿಗೆ ನಗು ಬಂತು. ಅಳತೆ ಸರಿಯಿದೆ, ಹಾಲಿಗೆ ನೀರು ಬಿದ್ದಿದೆ. ಷಡ್ಡಕನ ಹಾಲು ಹಿಡಿದವನಿಗೆ ತನ್ನ ಮೈ ತಿಳಿಯಲಿಲ್ಲವೇ? ತಿಳಿದಿತ್ತು. ತಿಳಿದೇ ಸುಮ್ಮನಿದ್ದ.

ಲಕ್ಷ್ಮೀದೇವಮ್ಮ ಬಸ್ಸಿನಲ್ಲಿ ಊರು ಬರುವ ತನಕ ಅತ್ತಳು. ಮರುದಿನ ಅವನನ್ನು ಜಗಲಿಯ ಮೇಲೆ ಕೂರಿಸಿ, ಕುತ್ತಿಗೆಗೆ ಒಣ ಟವೆಲ್ಲು ಸುತ್ತಿ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ನೆತ್ತಿ ಒರೆಸಿದಳು. ತಲೆಗೆ ನೀರು ಬಿತ್ತು, ಪಥ್ಯ ಮುಗಿಯಿತು ಎಂದು ತಾನೇ ತೀರ್ಪು ಕೊಟ್ಟು, ಬೇಯಿಸಿದ ಮೊಟ್ಟೆಯ ತಟ್ಟೆ ಮುಂದಿಟ್ಟಳು. ಅಪ್ಪಯ್ಯಣ್ಣ ರೂಢಿಯಂತೆ ತಟ್ಟೆ ಆಚೆ ತಳ್ಳಿದ.

"ಈಗ ಪಥ್ಯ ಇಲ್ಲ. ಬ್ಯಾಡ ಅಂದ್ರೆ ಯಾಕೆ ಬ್ಯಾಡ ಅಂತ ಹೇಳಿ."

"ಚಿಕ್ಕಬೀರಪ್ಪನ ಹಾಸಿಗೇಲಿ ಈಗ ಬೇರೆಯವ್ರು ಮಲಗ್ತಾರೆ ಕಣೇ. ನಾನೂ ಅವನ ಜೊತೇಲೇ ಹೋಗಿದ್ರೆ ಚೆನ್ನಾಗಿತ್ತು ಅನ್ನಿಸ್ತದೆ. ನಿನ್ನ ಪಥ್ಯ ನಂಗೆ ಅನುಕೂಲವಾಯ್ತು."

ಲಕ್ಷ್ಮೀದೇವಮ್ಮ ಬೈಯಲಿಲ್ಲ. ಇದನ್ನು ಡಾಕ್ಟರಿಗೂ ಹೇಳಬೇಕು, ಮನಸ್ಸಿಗೂ ಔಷಧಿ ಇದೆಯಂತೆ, ತಾನೂ ಪಕ್ಕದಲ್ಲೇ ಕೂರುತ್ತೇನೆ ಅಂದಳು. ಆಮೇಲೆ ತಟ್ಟೆಯನ್ನು ಮತ್ತೆ ಅವನ ಮುಂದೆ ಸರಿಸಿದಳು.

"ನಿಮ್ಮನ್ನ ಗಂಜೀಲಿ ಕೂರಿಸಿ ನಾನೆಂಗೆ ಉಣ್ಲಿ? ಅವತ್ತಿಂದ ನಾನೂ ಅದ್ನೇ ಕುಡೀತಿದ್ದೀನಿ. ನೀವು ಪಥ್ಯ ಬಿಟ್ರೆ ನಾನೂ ಬಿಡ್ತೀನಿ."

ತಟ್ಟೆ ಸರಿಸಿದ ಅವಳ ಕೈಯನ್ನು ಅಪ್ಪಯ್ಯಣ್ಣ ಆಗ ನೋಡಿದ. ತೋಳು ಸಣ್ಣಗಾಗಿ, ಬಿಗಿಯಾಗಿರುತ್ತಿದ್ದ ಬಳೆಗಳು ಸಡಿಲವಾಗಿ ಜಾರಾಡುತ್ತಿದ್ದವು. ಊರ ಹಾಲನ್ನೆಲ್ಲ ಪರೀಕ್ಷೆ ಮಾಡಿದವನು ಮನೆಯೊಳಗೆ ಇದನ್ನು ಕಂಡಿರಲಿಲ್ಲ. ಮೊಟ್ಟೆಯನ್ನು ಎರಡು ಮಾಡಿ, ಮೊದಲ ಹೋಳನ್ನು ಅವಳ ಕೈಗಿಟ್ಟು, ಉಳಿದದ್ದನ್ನು ತಾನು ತಿಂದ.