ಆರದ ಕಾವು

ಇಸ್ತ್ರಿಪೆಟ್ಟಿಗೆಯನ್ನು ಮುಟ್ಟದೆ, ಅಂಗೈಯನ್ನು ಹತ್ತಿರ ಹಿಡಿದೇ ಅದರ ಕಾವು ಹೇಳಬಲ್ಲೆನೆಂದು ಬೀದಿಯ ಇಸ್ತ್ರಿ ಅಕ್ಕನಿಗೆ ಮೂವತ್ತು ವರ್ಷದ ಜಂಬ. ಮೈ ಮುಟ್ಟದೆ ಕಾವು ನೋಡಿಯೇ ಸ್ತನ ಕ್ಯಾನ್ಸರಿನ ಸುಳಿವು ಹುಡುಕುವ ಕ್ಯಾಮೆರಾ ಆಸ್ಪತ್ರೆಗೆ ಬಂದಿದೆಯೆಂದು ಮಗಳು ಹೇಳಿದ್ದೇ ತಡ, ಅಕ್ಕ ಯಾರದೋ ಅಂಗಿಯ ಒಂದು ತೋಳನ್ನು ಇಸ್ತ್ರಿ ಮಾಡದೆ ಹಾಗೇ ಬಿಟ್ಟು ಅಲ್ಲಿಗೆ ಓಡಿದಳು.

ಕ್ಯಾಮೆರಾದ ಪರದೆಯ ಮೇಲೆ ಎದೆಯೆಲ್ಲ ನಿಗಿನಿಗಿ ಕೆಂಪು. ನರ್ಸ್ ಗಾಬರಿಯಾದಳು.

"ಅದು ನನ್ನ ಪೆಟ್ಟಿಗೆ ಬಿಸಿ ಕಣಮ್ಮ. ಕೆಲಸ ಬಿಟ್ಟು ಸೀದಾ ಬಂದೆ," ಎಂದು ಅಕ್ಕ ನಕ್ಕಳು.

ತಣ್ಣನೆಯ ಕೋಣೆಯಲ್ಲಿ ಕಾಲು ಗಂಟೆ ಕೂರಿಸಿ ಮತ್ತೆ ನೋಡಿದರು. ಅಕ್ಕ ಕುತೂಹಲ ತಡೆಯಲಾರದೆ ಕೂತಲ್ಲೇ ಕುತ್ತಿಗೆ ಚಾಚಿದಳು. ಕೆಂಪೆಲ್ಲ ನೀಲಿಗೆ ತಿರುಗಿತ್ತು. ಎಡಗಡೆ ಅಂಗಿಯ ಗುಂಡಿಯಷ್ಟು ಜಾಗ ಮಾತ್ರ ಹಾಗೇ ಕೆಂಪಗೆ ಉರಿಯುತ್ತಿತ್ತು.

"ಇದನ್ನ ನೋಡಿ ಏನೂ ಹೇಳೋಕಾಗಲ್ಲ ಅಕ್ಕ. ಏನೂ ಇಲ್ಲದೇನೂ ಇರಬಹುದು. ಮ್ಯಾಮೊಗ್ರಾಮ್ ಅಂತ ಎದೆಯ ಎಕ್ಸ್‌ರೇ ಮಾಡಿಸ್ಲೇಬೇಕು. ಮುಂದಿನ ವಾರ ಬರ್ತೀರಾ?" ಎಂದು ನರ್ಸ್ ಮೆಲ್ಲಗೆ ಕೇಳಿದಳು.

"ಪೆಟ್ಟಿಗೆ ಬಿಸಿ ಆಗಿದ್ರೆ ಇಷ್ಟೊತ್ತಿಗೆ ಆರಿರೋದು. ಆರಿಲ್ಲ ಅಂದ್ರೆ ಅದು ನನ್ನ ಪೆಟ್ಟಿಗೇದಲ್ಲ," ಎನ್ನುತ್ತ ಅಕ್ಕ ಬಟ್ಟೆ ತೊಟ್ಟು ತೋಳು ಮಡಿಸಿದಳು. "ಗುಂಡಿಯಷ್ಟಿರುವಾಗ್ಲೇ ಕಣ್ಣಿಗೆ ಬಿದ್ದಿದೆ, ವಾರ ಬಿಡ್ತೀನಾ? ಆ ಮೆಷಿನ್ ಎಲ್ಲಿದೆ, ನಡಿಯಮ್ಮ. ಅಲ್ಲಿ ಇಸ್ತ್ರಿಗೆ ಒಂದು ತೋಳು ಬೇರೆ ಬಾಕಿ ಇದೆ."